ಮ್ಯಾಪ್‌ನಿಂದ ಜೇಸನ್‌ಗೆ: ಕೀಗಳ ಕ್ರಮವನ್ನು ಉಳಿಸಿಕೊಳ್ಳುವ ವಿಧಾನ

ಪಂಚಾಂಗದ ಮಾಹಿತಿ ಒದಗಿಸುವ ಒಂದು ಸಣ್ಣ ಸೇವೆಯನ್ನು ಜಾವಾದಲ್ಲಿ ಬರೆಯುತ್ತಿದ್ದೀರಿ ಎಂದಿಟ್ಟುಕೊಳ್ಳೋಣ. ಚೈತ್ರದಿಂದ ಫಾಲ್ಗುಣದವರೆಗಿನ ಹನ್ನೆರಡು ಮಾಸಗಳ ಹೆಸರುಗಳೇ ಕೀಗಳು. ಆಯಾ ಮಾಸದ ಹಬ್ಬಗಳ ಪಟ್ಟಿಯೇ ಅವುಗಳ ಮೌಲ್ಯ. ಇಂಥ ಕೀ-ಮೌಲ್ಯ ಜೋಡಿಗಳನ್ನು ಹಿಡಿದಿಡುವ ರಚನೆಗೆ ಮ್ಯಾಪ್ ಎನ್ನುತ್ತಾರೆ. ಇವನ್ನು ಜಾವಾದ ಒಂದು ಬಗೆಯ ಮ್ಯಾಪಾದ ಹ್ಯಾಶ್‌ಮ್ಯಾಪ್‌ಗೆ ಚೈತ್ರ, ವೈಶಾಖ, ಜ್ಯೇಷ್ಠ ಎಂದು ಸರಿಯಾದ ಕ್ರಮದಲ್ಲಿಯೇ ತುಂಬಿ, ಪ್ರೋಗ್ರಾಂಗಳು ಪರಸ್ಪರ ಡೇಟಾ ಕಳುಹಿಸಲು ಬಳಸುವ ಪಠ್ಯರೂಪವಾದ ಜೇಸನ್‌ಗೆ (JSON) ಪರಿವರ್ತಿಸುತ್ತೀರಿ. ಹೊರಬಂದ ಪಠ್ಯದಲ್ಲಿ ಹನ್ನೆರಡು ಮಾಸಗಳೂ ಇರುತ್ತವೆ, ಹಬ್ಬಗಳೂ ಸರಿಯಾಗಿಯೇ ಇರುತ್ತವೆ, ಆದರೆ ಸಾಲು ಮಾತ್ರ ಯುಗಾದಿಯಿಂದ ಆರಂಭವಾಗದೆ ಯಾವುದೋ ಲೆಕ್ಕಕ್ಕೆ ಸಿಗದ ಕ್ರಮವನ್ನು ಹಿಡಿದಿರುತ್ತದೆ. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಎಲ್ಲರ ಅನುಮಾನವೂ ಜೇಸನ್ ಬರೆಯುವ ಲೈಬ್ರರಿಯ ಮೇಲೆ ಹೋಗುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಆ ಲೈಬ್ರರಿ ನಿರಪರಾಧಿ. ಅದರ ಕೈಗೆ ಮ್ಯಾಪ್ ಬರುವ ಹೊತ್ತಿಗಾಗಲೇ ಕ್ರಮ ಕಳೆದುಹೋಗಿರುತ್ತದೆ. ಆದ್ದರಿಂದ ಕ್ರಮ ಕಳೆದುಹೋಗುವ ಜಾಗವನ್ನು ಮೊದಲು ಪತ್ತೆಮಾಡಿ, ಆಮೇಲೆ ಅಲ್ಲಿಯೇ ಅದನ್ನು ಸರಿಪಡಿಸುವ ದಾರಿಯನ್ನು ಈ ಲೇಖನದಲ್ಲಿ ಹಂತ ಹಂತವಾಗಿ ನೋಡೋಣ. ವಿವರಣೆ ಮುಖ್ಯವಾಗಿ ಜಾವಾವನ್ನು ಅನುಸರಿಸುತ್ತದೆ. ಬೇರೆ ಭಾಷೆಗಳಲ್ಲಿ ಎಲ್ಲಿ ವ್ಯತ್ಯಾಸವಿದೆಯೋ ಅದನ್ನು ನಂತರ ಹೇಳಲಾಗಿದೆ.

ಹಂತ 1: ಕ್ರಮ ನಿಜವಾಗಿಯೂ ಬೇಕೇ ಎಂಬುದನ್ನು ನಿರ್ಧರಿಸಿ

ಜೇಸನ್‌ನ ಈಗಿನ ಮಾನದಂಡವಾದ, 2017ರ ಡಿಸೆಂಬರ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿ 8259, ಆಬ್ಜೆಕ್ಟ್ ಎಂಬುದನ್ನು ಹೆಸರು ಮತ್ತು ಮೌಲ್ಯಗಳ ಜೋಡಿಗಳ ಕ್ರಮರಹಿತ ಸಮೂಹವೆಂದೂ, ಅರೇ ಎಂಬುದನ್ನು ಮೌಲ್ಯಗಳ ಕ್ರಮಬದ್ಧ ಸಾಲೆಂದೂ ಸ್ಪಷ್ಟವಾಗಿ ಬೇರ್ಪಡಿಸುತ್ತದೆ. ಕೀಗಳ ಕ್ರಮವನ್ನು ಓದುವವರಿಗೆ ಕಾಣಿಸುವ ಲೈಬ್ರರಿಗಳೂ ಇವೆ, ಕಾಣಿಸದವೂ ಇವೆ ಎಂಬುದನ್ನು ಗುರುತಿಸಿ, ಕ್ರಮವನ್ನು ಅವಲಂಬಿಸದ ಪ್ರೋಗ್ರಾಂಗಳು ಪರಸ್ಪರ ತೊಡಕಿಲ್ಲದೆ ಹೊಂದಿಕೊಳ್ಳುತ್ತವೆ ಎಂದೂ ಅದೇ ದಾಖಲೆ ಹೇಳುತ್ತದೆ. ಅಂದರೆ ನೀವು ಎಷ್ಟೇ ಜಾಗ್ರತೆಯಿಂದ ಕ್ರಮವನ್ನು ಉಳಿಸಿ ಕಳುಹಿಸಿದರೂ, ಅದನ್ನು ಪಡೆಯುವ ಪ್ರೋಗ್ರಾಂ ಅದನ್ನು ಗೌರವಿಸಲೇಬೇಕೆಂಬ ಕಟ್ಟುಪಾಡೇನೂ ಇಲ್ಲ.

ಹಾಗೆಂದು ಕ್ರಮಕ್ಕೆ ಬೆಲೆಯೇ ಇಲ್ಲ ಎಂದಲ್ಲ. ಕಾನ್ಫಿಗರೇಷನ್ ಕಡತವೊಂದನ್ನು ಮನುಷ್ಯರು ಓದುವಾಗ ಹೆಸರು ಮೊದಲು, ವಿವರಗಳು ಆಮೇಲೆ ಬಂದರೆ ಅನುಕೂಲ. ಅದೇ ಕಡತ, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿದ್ದರೆ, ಪ್ರತಿ ಬಾರಿ ಬರೆದಾಗಲೂ ಕೀಗಳು ಜಾಗ ಬದಲಿಸುವುದರಿಂದ ಒಂದೇ ಒಂದು ಮೌಲ್ಯ ಬದಲಾದಾಗಲೂ ಐವತ್ತು ಸಾಲು ಬದಲಾದಂತೆ ಕಾಣುತ್ತದೆ, ಪರಿಶೀಲಿಸುವವರಿಗೆ ತಲೆನೋವಾಗುತ್ತದೆ. ಪಠ್ಯದ ಮೇಲೆ ಡಿಜಿಟಲ್ ಸಹಿ ಹಾಕುವಾಗ ಒಂದು ಕೀ ಜಾಗ ಬದಲಿಸಿದರೂ ಸಹಿ ತಾಳೆಯಾಗುವುದಿಲ್ಲ. ಇವೆಲ್ಲವೂ ಸಕಾರಣವಾದ ಅಗತ್ಯಗಳು. ಆದರೆ ಇವುಗಳಲ್ಲಿ ಒಂದೊಂದಕ್ಕೂ ಬೇಕಾಗುವ ಕ್ರಮ ಬೇರೆ: ಓದುಗರಿಗೆ ನೀವು ತುಂಬಿದ ಕ್ರಮ ಬೇಕು, ಗಿಟ್‌ಗೆ ಪ್ರತಿ ಬಾರಿಯೂ ಒಂದೇ ಆಗಿರುವ ಯಾವುದಾದರೂ ಕ್ರಮ ಸಾಕು, ಸಹಿಗೆ ಎರಡೂ ಕಡೆಯವರು ಒಪ್ಪಿದ ಕ್ರಮ ಬೇಕು. ತುಂಬಿದ ಕ್ರಮವೇ, ವಿಂಗಡಿಸಿದ ಕ್ರಮವೇ ಎಂಬ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಕೋಡ್ ತಿದ್ದಲು ಹೊರಟರೆ ಕೆಲಸ ಎರಡೆರಡು ಬಾರಿ ಮಾಡಬೇಕಾಗುತ್ತದೆ.

ಹಂತ 2: ಪರಿವರ್ತನೆಗೆ ಒಂದು ಸಾಲು ಮೊದಲು ಮ್ಯಾಪನ್ನು ಮುದ್ರಿಸಿ ನೋಡಿ

ಜೇಸನ್ ಆಗಿ ಪರಿವರ್ತಿಸುವ ಸಾಲಿನ ತಕ್ಷಣ ಮೇಲೆ, ಆ ಮ್ಯಾಪಿನ ಕೀಗಳನ್ನು ಒಂದೊಂದಾಗಿ ಲಾಗ್‌ಗೆ ಬರೆಯಿರಿ. ಜೊತೆಯಲ್ಲಿ ಆ ಮ್ಯಾಪ್ ನಿಜವಾಗಿ ಯಾವ ಕ್ಲಾಸಿಗೆ ಸೇರಿದೆ ಎಂಬುದನ್ನೂ ಬರೆಯಿರಿ. ವೇರಿಯಬಲ್ಲಿನ ಘೋಷಣೆಯಲ್ಲಿ ಬರೀ ಮ್ಯಾಪ್ ಎಂದಷ್ಟೇ ಇರುವುದರಿಂದ ಒಳಗಿರುವುದು ಹ್ಯಾಶ್‌ಮ್ಯಾಪೋ ಲಿಂಕ್ಡ್‌ಹ್ಯಾಶ್‌ಮ್ಯಾಪೋ ಎಂಬುದು ಕೋಡ್ ಓದುವುದರಿಂದ ಮಾತ್ರ ಗೊತ್ತಾಗದಿರಬಹುದು. ಲಾಗಿನಲ್ಲಿಯೇ ಕ್ರಮ ಕೆಟ್ಟಿದ್ದರೆ ಮೂರನೆಯ ಮತ್ತು ನಾಲ್ಕನೆಯ ಹಂತಗಳನ್ನು ನೋಡಿ. ಲಾಗಿನಲ್ಲಿ ಸರಿಯಿದ್ದು ಹೊರಬಂದ ಪಠ್ಯದಲ್ಲಿ ಕೆಟ್ಟಿದ್ದರೆ ತಪ್ಪು ಲೈಬ್ರರಿಯದು ಅಥವಾ ಅದರ ಸೆಟ್ಟಿಂಗಿನದು. ಐದನೆಯ ಹಂತಕ್ಕೆ ಹೋಗಿ. ಸರ್ವರ್ ಕಳುಹಿಸಿದ ಮೂಲಪಠ್ಯದಲ್ಲಿಯೂ ಸರಿಯಿದ್ದು ತೆರೆಯ ಮೇಲೆ ಮಾತ್ರ ಕೆಟ್ಟಿದ್ದರೆ ಪಡೆಯುವ ಕಡೆಯವರ ಕೋಡನ್ನು ಪರಿಶೀಲಿಸಬೇಕು. ಇಲ್ಲೊಂದು ಎಚ್ಚರಿಕೆ: ಮೂಲಪಠ್ಯ ಎಂದರೆ ನೆಟ್‌ವರ್ಕಿನಲ್ಲಿ ಹರಿದುಬಂದ ಬೈಟುಗಳೇ ಹೊರತು, ಬ್ರೌಸರಿನ ಡೆವಲಪರ್ ಟೂಲುಗಳು ಅಂದವಾಗಿ ಬಿಡಿಸಿ ತೋರಿಸುವ ಮರದಂಥ ನೋಟವಲ್ಲ. ಆ ನೋಟ ಕೀಗಳನ್ನು ತನ್ನದೇ ಕ್ರಮದಲ್ಲಿ ಜೋಡಿಸಿ ತೋರಿಸಬಹುದು.

ಹಂತ 3: ಸರಿಯಾದ ಮ್ಯಾಪನ್ನು ಆಯ್ದುಕೊಳ್ಳಿ

ಹ್ಯಾಶ್‌ಮ್ಯಾಪ್ ಕ್ರಮವನ್ನು ಏಕೆ ಉಳಿಸುವುದಿಲ್ಲ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಿದರೆ ಮುಂದೆಂದೂ ಮರೆಯುವುದಿಲ್ಲ. ಜಾವಾದ ಹ್ಯಾಶ್‌ಮ್ಯಾಪ್ ಆರಂಭದಲ್ಲಿ 16 ಖಾನೆಗಳ ಒಂದು ಕೋಷ್ಟಕವನ್ನು ಇಟ್ಟುಕೊಳ್ಳುತ್ತದೆ. ಕೀ ಯಾವ ಖಾನೆಗೆ ಹೋಗಬೇಕೆಂಬುದನ್ನು ಆ ಕೀಯಿಂದಲೇ ಲೆಕ್ಕಹಾಕಿದ ಹ್ಯಾಶ್ ಸಂಖ್ಯೆ ನಿರ್ಧರಿಸುತ್ತದೆ. ಒಂದೇ ಅಕ್ಷರದ ಸ್ಟ್ರಿಂಗಿನ (ಪಠ್ಯದ) ಹ್ಯಾಶ್ ಸಂಖ್ಯೆ ಎಂದರೆ ಆ ಅಕ್ಷರದ ಯೂನಿಕೋಡ್ ಸಂಖ್ಯೆಯೇ. ಅದನ್ನು 16ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಖಾನೆಯ ಸಂಖ್ಯೆ. ‘ಮ’ ಅಕ್ಷರದ ಸಂಖ್ಯೆ 3246, ಶೇಷ 14. ‘ಕ’ ಅಕ್ಷರದ ಸಂಖ್ಯೆ 3221, ಶೇಷ 5. ‘ತ’ ಅಕ್ಷರದ ಸಂಖ್ಯೆ 3236, ಶೇಷ 4. ಈಗ ಮ, ಕ, ತ ಎಂಬ ಕ್ರಮದಲ್ಲಿ ಈ ಮೂರು ಕೀಗಳನ್ನು ಸೇರಿಸಿದರೆ, ಮ್ಯಾಪ್ ಖಾನೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದುವುದರಿಂದ, ಹೊರಬರುವ ಕ್ರಮ ತ, ಕ, ಮ. ನೀವು ಯಾವುದನ್ನು ಮೊದಲು ಸೇರಿಸಿದಿರಿ ಎಂಬ ಮಾಹಿತಿ ಆ ಕೋಷ್ಟಕದಲ್ಲಿ ಎಲ್ಲಿಯೂ ದಾಖಲಾಗಿಯೇ ಇಲ್ಲ.

ಇಷ್ಟಕ್ಕೇ ಮುಗಿಯುವುದಿಲ್ಲ. ಕೋಷ್ಟಕದ ಮುಕ್ಕಾಲು ಭಾಗ, ಅಂದರೆ 12 ಕೀಗಳು ತುಂಬಿದ ಮೇಲೆ ಹದಿಮೂರನೆಯದು ಬಂದ ಕೂಡಲೇ ಜಾವಾ ಖಾನೆಗಳ ಸಂಖ್ಯೆಯನ್ನು 32ಕ್ಕೆ ಹೆಚ್ಚಿಸಿ, ಎಲ್ಲ ಕೀಗಳನ್ನೂ ಹೊಸ ಲೆಕ್ಕದಂತೆ ಹಂಚುತ್ತದೆ. ಈಗ 32ರಿಂದ ಭಾಗಿಸಿದರೆ ‘ತ’ ಅಕ್ಷರದ ಶೇಷ 4, ‘ಮ’ ಅಕ್ಷರದ ಶೇಷ 14, ‘ಕ’ ಅಕ್ಷರದ ಶೇಷ 21. ಇಲ್ಲಿಯವರೆಗೆ ‘ಮ’ಗಿಂತ ಮೊದಲು ಬರುತ್ತಿದ್ದ ‘ಕ’, ಅದನ್ನು ಯಾರೂ ಮುಟ್ಟದಿದ್ದರೂ, ಈಗ ‘ಮ’ದ ನಂತರ ಬರುತ್ತದೆ. ನಮ್ಮ ಪಂಚಾಂಗದ ಉದಾಹರಣೆಗೆ ಇದನ್ನು ಅನ್ವಯಿಸಿ ನೋಡಿ: ಮಾಸಗಳು ಹನ್ನೆರಡು, ಮಿತಿಯೂ ಹನ್ನೆರಡು. ಸಾಮಾನ್ಯ ವರ್ಷಗಳಲ್ಲಿ ಹೊರಬರುವ ಕ್ರಮ, ಅದು ತಪ್ಪಾಗಿದ್ದರೂ, ಪ್ರತಿ ಸಲವೂ ಒಂದೇ ಆಗಿರುತ್ತದೆ. ಯಾರೋ ಅದನ್ನೇ ನಂಬಿ ಮುಂದಿನ ಕೋಡ್ ಬರೆದಿರಲೂಬಹುದು. ಅಧಿಕ ಮಾಸವಿರುವ ವರ್ಷ ಬಂದಾಗ, ಉದಾಹರಣೆಗೆ 2023ರ ಅಧಿಕ ಶ್ರಾವಣದಲ್ಲಿಯೋ 2026ರ ಅಧಿಕ ಜ್ಯೇಷ್ಠದಲ್ಲಿಯೋ, ಹದಿಮೂರನೆಯ ಕೀ ಸೇರಿ ಇಡೀ ಸಾಲು ಹೊಸದಾಗಿ ಕಲಸಿಹೋಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಮಾತ್ರ ಕಾಣಿಸಿಕೊಳ್ಳುವ ಇಂಥ ದೋಷವನ್ನು ಹುಡುಕುವುದು ಎಷ್ಟು ಕಷ್ಟವೆಂದು ಬೇರೆ ಹೇಳಬೇಕಾಗಿಲ್ಲ.

ಪರಿಹಾರ ಜಾವಾದ 1.4ನೆಯ ಆವೃತ್ತಿಯಿಂದಲೂ ಇದೆ: ಹ್ಯಾಶ್‌ಮ್ಯಾಪ್ ಬದಲು ಲಿಂಕ್ಡ್‌ಹ್ಯಾಶ್‌ಮ್ಯಾಪ್ ಬಳಸಿ. ಇದರಲ್ಲಿ ಹ್ಯಾಶ್ ಕೋಷ್ಟಕದ ಜೊತೆಗೆ, ಪ್ರತಿ ಜೋಡಿಯೂ ತನ್ನ ಹಿಂದಿನ ಮತ್ತು ಮುಂದಿನ ಜೋಡಿಯನ್ನು ನೆನಪಿಟ್ಟುಕೊಳ್ಳುವ ಒಂದು ಸರಪಳಿ ಇರುತ್ತದೆ. ಓದುವಾಗ ಮ್ಯಾಪ್ ಖಾನೆಗಳನ್ನು ಬಿಟ್ಟು ಆ ಸರಪಳಿಯನ್ನು ಹಿಡಿದು ಸಾಗುತ್ತದೆ. ಪ್ರತಿ ಜೋಡಿಗೆ ಎರಡು ಹೆಚ್ಚುವರಿ ಕೊಂಡಿಗಳಷ್ಟು ಮೆಮೊರಿ ಹೆಚ್ಚಾಗುತ್ತದೆ. ಹುಡುಕುವ ವೇಗದಲ್ಲಿ ಗಮನಿಸುವಂಥ ವ್ಯತ್ಯಾಸವಿರುವುದಿಲ್ಲ. ಜೇಸನ್ ಆಗಿ ಹೊರಹೋಗಲಿರುವ ಯಾವುದೇ ಮ್ಯಾಪಿಗೆ ಇದನ್ನೇ ರೂಢಿಯ ಆಯ್ಕೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಆದರೆ ಲಿಂಕ್ಡ್‌ಹ್ಯಾಶ್‌ಮ್ಯಾಪ್ ಉಳಿಸುವುದು ನೀವು ಸೇರಿಸಿದ ಕ್ರಮವನ್ನು, ನಿಮ್ಮ ಮನಸ್ಸಿನಲ್ಲಿರುವ ಕ್ರಮವನ್ನಲ್ಲ. ಹನ್ನೆರಡು ಮಾಸಗಳನ್ನು ಸೇರಿಸಿದ ಮೇಲೆ ‘ಅಧಿಕ ಜ್ಯೇಷ್ಠ’ವನ್ನು ಸೇರಿಸಿದರೆ ಅದು ಫಾಲ್ಗುಣದ ನಂತರ ಕೊನೆಯಲ್ಲಿ ಕೂರುತ್ತದೆಯೇ ಹೊರತು ನಿಜ ಜ್ಯೇಷ್ಠದ ಮುಂಚೆ ತಾನಾಗಿ ಹೋಗಿ ಸೇರುವುದಿಲ್ಲ. ನಡುವೆ ತೂರಿಸುವ ಸೌಲಭ್ಯ ಈ ಮ್ಯಾಪಿಗಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 21 ಮೊದಲಿಗೋ ಕೊನೆಗೋ ಸೇರಿಸುವ ಮೆಥಡ್‌ಗಳನ್ನು ಕೊಟ್ಟಿದೆ, ಅಷ್ಟೇ. ಆದ್ದರಿಂದ ಅಂತಿಮ ಕ್ರಮವನ್ನು ಮೊದಲೇ ಒಂದು ಪಟ್ಟಿಯಲ್ಲಿ ನಿರ್ಧರಿಸಿ, ಆ ಪಟ್ಟಿಯ ಪ್ರಕಾರ ಹೊಸ ಮ್ಯಾಪನ್ನು ತುಂಬುವುದೇ ಸರಿಯಾದ ವಿಧಾನ. ಇನ್ನೊಂದು ಸೂಕ್ಷ್ಮವೂ ಇದೆ: ಈಗಾಗಲೇ ಇರುವ ಕೀಗೆ ಹೊಸ ಮೌಲ್ಯ ಕೊಟ್ಟರೆ ಅದರ ಜಾಗ ಬದಲಾಗುವುದಿಲ್ಲ. ಅದು ಕೊನೆಗೆ ಹೋಗಬೇಕೆಂದಿದ್ದರೆ ಮೊದಲು ತೆಗೆದುಹಾಕಿ, ನಂತರ ಸೇರಿಸಬೇಕು. ಹಾಗೆಯೇ ಈ ಮ್ಯಾಪಿನ ಒಂದು ಕನ್‌ಸ್ಟ್ರಕ್ಟರ್‌ಗೆ ಮೂರನೆಯ ಆರ್ಗ್ಯುಮೆಂಟಾಗಿ ಟ್ರೂ ಎಂದು ಕೊಟ್ಟರೆ, ಓದಿದ ಕೀಯೆಲ್ಲವೂ ಸಾಲಿನ ಕೊನೆಗೆ ಸರಿಯುತ್ತದೆ. ಅದು ಕ್ಯಾಶ್ (ಈಚೆಗೆ ಬಳಸಿದ್ದನ್ನು ಕೈಗೆಟುಕುವಂತೆ ಇಡುವ ತಾತ್ಕಾಲಿಕ ಸಂಗ್ರಹ) ಕಟ್ಟಲು ಮಾಡಿದ ಏರ್ಪಾಡು, ಜೇಸನ್‌ಗೆ ಅಲ್ಲ.

ವಿಂಗಡಿಸಿದ ಕ್ರಮ ಬೇಕೆಂದವರು ಟ್ರೀಮ್ಯಾಪ್ ಬಳಸಬಹುದು. ಕನ್ನಡದ ಕೀಗಳಿದ್ದಾಗ ಮಾತ್ರ ಅದು ಕೊಡುವ ಕ್ರಮ ಯಾವುದೆಂದು ತಿಳಿದಿರಬೇಕು. ನಮ್ಮ ಮಾಸಗಳನ್ನು ಅದು ಆಶ್ವಯುಜ, ಆಷಾಢ, ಕಾರ್ತಿಕ, ಚೈತ್ರ, ಜ್ಯೇಷ್ಠ, ಪುಷ್ಯ, ಫಾಲ್ಗುಣ, ಭಾದ್ರಪದ, ಮಾಘ, ಮಾರ್ಗಶಿರ, ವೈಶಾಖ, ಶ್ರಾವಣ ಎಂದು ಜೋಡಿಸುತ್ತದೆ. ಅಕಾರಾದಿಯಾಗಿ ಇದು ಸರಿ, ಪಂಚಾಂಗವಾಗಿ ನಿರರ್ಥಕ. ಅಕಾರಾದಿಯೂ ಎಲ್ಲ ಕಡೆ ಸರಿಯಾಗಿರುವುದಿಲ್ಲ: ನಮ್ಮ ವರ್ಣಮಾಲೆಯಲ್ಲಿ ‘ಹ’ದ ನಂತರ ಬರುವ ‘ಳ’ ಅಕ್ಷರವನ್ನು ಯೂನಿಕೋಡ್ ‘ಲ’ದ ಪಕ್ಕದಲ್ಲಿ, ‘ವ’ಕ್ಕಿಂತ ಮೊದಲೇ ಇರಿಸಿದೆ. ಹೀಗಾಗಿ ನಿಘಂಟಿನಲ್ಲಿ ‘ಬೆಸುಗೆ’ಯ ನಂತರ ಬರಬೇಕಾದ ‘ಬೆಳೆ’ ಟ್ರೀಮ್ಯಾಪಿನಲ್ಲಿ ಅದಕ್ಕಿಂತ ಮೊದಲೇ ಬಂದುಬಿಡುತ್ತದೆ. ನಿಘಂಟಿನ ಕ್ರಮವೇ ಬೇಕಾದರೆ ಕನ್ನಡದ ಲೊಕೇಲ್ ಅರಿತ ಕೊಲೇಟರ್ ಒಂದನ್ನು, ಅಂದರೆ ಭಾಷೆಯ ರೂಢಿಯಂತೆ ಪದಗಳನ್ನು ಹೋಲಿಸುವ ಸಾಧನವನ್ನು, ಟ್ರೀಮ್ಯಾಪಿಗೆ ಹೋಲಿಕೆಯ ನಿಯಮವಾಗಿ ಕೊಡಬೇಕಾಗುತ್ತದೆ.

ಹಂತ 4: ಮ್ಯಾಪ್ ಹುಟ್ಟುವ ಎಲ್ಲ ಜಾಗಗಳನ್ನೂ ಪರಿಶೀಲಿಸಿ

ನೀವು ಲಿಂಕ್ಡ್‌ಹ್ಯಾಶ್‌ಮ್ಯಾಪ್ ಎಂದು ಬರೆದಿದ್ದರೂ ಕ್ರಮ ಕೆಡುವುದುಂಟು. ಏಕೆಂದರೆ ಮ್ಯಾಪುಗಳು ಕೋಡಿನಲ್ಲಿ ನಮ್ಮ ಅರಿವಿಗೆ ಬಾರದೆಯೂ ಹುಟ್ಟುತ್ತವೆ. ಪಟ್ಟಿಯ ಅಂಶಗಳನ್ನು ಒಂದೊಂದಾಗಿ ಸಂಸ್ಕರಿಸುವ ಸ್ಟ್ರೀಮ್ ಬಳಸುವವರು ಕಲೆಕ್ಟರ್ಸ್ ಕ್ಲಾಸಿನ ಟುಮ್ಯಾಪ್ ಮೆಥಡ್‌ಗೆ ಕೀ ಮತ್ತು ಮೌಲ್ಯಗಳನ್ನು ತೆಗೆಯುವ ಎರಡು ಫಂಕ್ಷನ್‌ಗಳನ್ನಷ್ಟೇ ಕೊಟ್ಟರೆ ಒಳಗೆ ಹುಟ್ಟುವುದು ಹ್ಯಾಶ್‌ಮ್ಯಾಪ್. ಮೂಲ ಪಟ್ಟಿ ಎಷ್ಟೇ ಕ್ರಮಬದ್ಧವಾಗಿದ್ದರೂ ಅಲ್ಲಿಗೆ ಆ ಕ್ರಮ ಮುಗಿಯಿತು. ಅದೇ ಮೆಥಡ್‌ನ ನಾಲ್ಕು ಆರ್ಗ್ಯುಮೆಂಟುಗಳ ರೂಪವನ್ನು ಬಳಸಿ, ಒಂದೇ ಕೀ ಎರಡು ಬಾರಿ ಬಂದರೆ ಏನು ಮಾಡಬೇಕೆಂಬ ನಿಯಮವನ್ನು ಮೂರನೆಯದಾಗಿಯೂ, ಹೊಸ ಲಿಂಕ್ಡ್‌ಹ್ಯಾಶ್‌ಮ್ಯಾಪ್ ಸೃಷ್ಟಿಸುವ ಫಂಕ್ಷನ್ನನ್ನು ನಾಲ್ಕನೆಯದಾಗಿಯೂ ಕೊಡಬೇಕು. ಗ್ರೂಪಿಂಗ್‌ಬೈ ಮೆಥಡ್‌ಗೂ ಇದೇ ಮಾತು. ಅದರ ಮೂರು ಆರ್ಗ್ಯುಮೆಂಟುಗಳ ರೂಪದಲ್ಲಿ ನಡುವಿನದು ಮ್ಯಾಪ್ ಸೃಷ್ಟಿಸುವ ಫಂಕ್ಷನ್. ನನ್ನ ಅನುಭವದಲ್ಲಿ, ಕ್ರಮ ಕಳೆದುಹೋಗುವ ಪ್ರಕರಣಗಳಲ್ಲಿ ಹೆಚ್ಚಿನವು ಈ ಎರಡು ಮೆಥಡ್‌ಗಳ ಬಳಿಯೇ ಬಂದು ನಿಲ್ಲುತ್ತವೆ.

ಜಾವಾ 9ರಲ್ಲಿ ಬಂದ ಮ್ಯಾಪ್ ಡಾಟ್ ಆಫ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದು ಕೊಡುವ ಬದಲಾಯಿಸಲಾಗದ ಮ್ಯಾಪಿನ ಕ್ರಮವನ್ನು, ಯಾರೂ ನಂಬಿಕೊಳ್ಳದಿರಲಿ ಎಂದೇ, ಪ್ರೋಗ್ರಾಂ ಆರಂಭವಾಗುವಾಗ ಆಯ್ದುಕೊಳ್ಳುವ ಒಂದು ಯಾದೃಚ್ಛಿಕ ಸಂಖ್ಯೆಯ ಮೇಲೆ ಅವಲಂಬಿಸುವಂತೆ ಮಾಡಲಾಗಿದೆ. ಹೀಗಾಗಿ ಸರ್ವರನ್ನು ಮರುಪ್ರಾರಂಭಿಸಿದಾಗಲೆಲ್ಲ ಕ್ರಮ ಬದಲಾಗಬಹುದು. ಇದಕ್ಕಿಂತ ಮೋಸಗೊಳಿಸುವುದು ಮ್ಯಾಪ್ ಡಾಟ್ ಕಾಪಿಆಫ್: ಲಿಂಕ್ಡ್‌ಹ್ಯಾಶ್‌ಮ್ಯಾಪನ್ನು ಜಾಗ್ರತೆಯಿಂದ ತುಂಬಿ, ಕೊನೆಯಲ್ಲಿ ಯಾರೂ ಬದಲಾಯಿಸದಿರಲಿ ಎಂಬ ಸದುದ್ದೇಶದಿಂದ ಇದಕ್ಕೆ ಕೊಟ್ಟರೆ, ನಕಲು ಬರುವಾಗ ಕ್ರಮ ಹಾಳಾಗಿಯೇ ಬರುತ್ತದೆ. ಬದಲಾಯಿಸಲಾಗದ ಮ್ಯಾಪ್ ಬೇಕು, ಕ್ರಮವೂ ಉಳಿಯಬೇಕು ಎಂದಾದರೆ ಕಲೆಕ್ಷನ್ಸ್ ಕ್ಲಾಸಿನ ಅನ್‌ಮಾಡಿಫಯಬಲ್‌ಮ್ಯಾಪ್ ಎಂಬ ಹೊದಿಕೆಯನ್ನು ಬಳಸಿ. ಅದು ನಕಲು ಮಾಡದೆ ಒಳಗಿನ ಮ್ಯಾಪಿನ ಕ್ರಮವನ್ನೇ ತೋರಿಸುತ್ತದೆ. ಹಲವು ಥ್ರೆಡ್‌ಗಳಿಗಾಗಿ ಕನ್‌ಕರೆಂಟ್‌ಹ್ಯಾಶ್‌ಮ್ಯಾಪ್ ಬಳಸಿದ್ದರೆ ಅದಕ್ಕೂ ಕ್ರಮವಿಲ್ಲ ಎಂಬುದನ್ನು ನೆನಪಿಡಿ. ಡೇಟಾಬೇಸಿನಿಂದ ಸಾಲುಗಳನ್ನು ತಂದು ಮ್ಯಾಪಿಗೆ ತುಂಬುವವರು ಕ್ವೆರಿಯಲ್ಲಿ ಆರ್ಡರ್ ಬೈ ಬರೆದಿರಲೇಬೇಕು, ಇಲ್ಲದಿದ್ದರೆ ಉಳಿಸಿಕೊಳ್ಳಲು ಕ್ರಮವೆಂಬುದೇ ಅಲ್ಲಿರುವುದಿಲ್ಲ.

ಹಂತ 5: ಲೈಬ್ರರಿಯ ಸ್ವಭಾವವನ್ನು ತಿಳಿದುಕೊಳ್ಳಿ

ಜಾಕ್ಸನ್ ಲೈಬ್ರರಿ ಮ್ಯಾಪನ್ನು ಬರೆಯುವಾಗ ಅದು ಕೊಡುವ ಕ್ರಮದಲ್ಲಿಯೇ ಬರೆಯುತ್ತದೆ. ಜೇಸನ್ ಪಠ್ಯವನ್ನು ಬರೀ ಮ್ಯಾಪ್ ಎಂಬ ಪ್ರಕಾರಕ್ಕೆ ಓದಿಕೊಳ್ಳುವಾಗಲೂ ಲಿಂಕ್ಡ್‌ಹ್ಯಾಶ್‌ಮ್ಯಾಪನ್ನೇ ಕೊಡುತ್ತದೆ. ಆದರೆ ಮ್ಯಾಪಿನ ಜೋಡಿಗಳನ್ನು ಕೀಗಳ ಪ್ರಕಾರ ವಿಂಗಡಿಸಿ ಬರೆಯುವ ಒಂದು ಸೆಟ್ಟಿಂಗ್ ಅದರಲ್ಲಿದೆ. ಸ್ಪ್ರಿಂಗ್ ಬೂಟ್‌ನಂಥ ಫ್ರೇಮ್‌ವರ್ಕ್‌ಗಳಲ್ಲಿ ಇದನ್ನು ಕಾನ್ಫಿಗರೇಷನ್ ಕಡತದ ಒಂದೇ ಸಾಲಿನಿಂದ ಇಡೀ ಪ್ರಾಜೆಕ್ಟಿಗೆ ಚಾಲೂ ಮಾಡಬಹುದಾದ್ದರಿಂದ, ನಿಮ್ಮ ಕೋಡಿನಲ್ಲಿ ತಪ್ಪೇ ಕಾಣದಿದ್ದಾಗ ಆ ಕಡತವನ್ನೊಮ್ಮೆ ತೆರೆದು ನೋಡಿ. ಮ್ಯಾಪಿನ ಬದಲು ನಿಮ್ಮದೇ ಕ್ಲಾಸನ್ನು ಪರಿವರ್ತಿಸುತ್ತಿದ್ದರೆ, ಫೀಲ್ಡುಗಳ ಕ್ರಮವನ್ನು ಜೇಸನ್ ಪ್ರಾಪರ್ಟಿ ಆರ್ಡರ್ ಎಂಬ ಆ್ಯನೊಟೇಷನ್‌ನಲ್ಲಿ ಹೆಸರಿಸಿಬಿಡಿ. ರಿಫ್ಲೆಕ್ಷನ್ (ಪ್ರೋಗ್ರಾಂ ತನ್ನದೇ ಕ್ಲಾಸುಗಳ ಒಳಗನ್ನು ನೋಡುವ ಸೌಲಭ್ಯ) ಕೊಡುವ ಫೀಲ್ಡುಗಳ ಪಟ್ಟಿಗೆ ನಿರ್ದಿಷ್ಟ ಕ್ರಮವಿಲ್ಲವೆಂದು ಜಾವಾದ ದಾಖಲೆಯೇ ಹೇಳುತ್ತದೆ; ಇವತ್ತು ಬರೆದ ಕ್ರಮದಲ್ಲಿಯೇ ಬರುತ್ತಿದೆ ಎಂಬುದು ಖಾತರಿಯಲ್ಲ. ಜಿಸನ್ (Gson) ಲೈಬ್ರರಿಯೂ ಮ್ಯಾಪಿನ ಕ್ರಮವನ್ನು ಗೌರವಿಸುತ್ತದೆ, ತನ್ನ ಒಳಗಿನ ಜೇಸನ್ ಮರದಲ್ಲಿಯೂ ಸೇರಿಸಿದ ಕ್ರಮವನ್ನೇ ಇಟ್ಟುಕೊಳ್ಳುತ್ತದೆ.

ತೊಂದರೆ ಕೊಡುವುದು ಆರ್ಗ್ ಡಾಟ್ ಜೇಸನ್ ಎಂಬ ಹಳೆಯ, ಇಂದಿಗೂ ವ್ಯಾಪಕ ಬಳಕೆಯಲ್ಲಿರುವ ಲೈಬ್ರರಿ. ಅದರ ಜೇಸನ್ ಆಬ್ಜೆಕ್ಟ್ ಕ್ಲಾಸಿನ ಒಳಗಿರುವುದು ಹ್ಯಾಶ್‌ಮ್ಯಾಪ್. ನೀವು ಲಿಂಕ್ಡ್‌ಹ್ಯಾಶ್‌ಮ್ಯಾಪನ್ನು ಕೊಟ್ಟರೂ ಅದು ಜೋಡಿಗಳನ್ನು ತನ್ನ ಹ್ಯಾಶ್‌ಮ್ಯಾಪಿಗೆ ನಕಲಿಸಿಕೊಳ್ಳುವುದರಿಂದ ಕ್ರಮ ಉಳಿಯುವುದಿಲ್ಲ. ಆ್ಯಂಡ್ರಾಯ್ಡ್ ತನ್ನೊಂದಿಗೆ ಒದಗಿಸುವ ಲೈಬ್ರರಿಗೂ ಇದೇ ಹೆಸರಿದೆ, ಆದರೆ ಅದು ಪ್ರತ್ಯೇಕವಾಗಿ ಬರೆದದ್ದು. ಅದರ ಈಚಿನ ಆವೃತ್ತಿಗಳ ಒಳಗೆ ಲಿಂಕ್ಡ್‌ಹ್ಯಾಶ್‌ಮ್ಯಾಪ್ ಇದೆ. ಫೋನಿನಲ್ಲಿ ಸರಿಯಾಗಿ ಕಂಡ ಕೋಡು ಸರ್ವರಿಗೆ ಹೋದಾಗ ಕೆಡುವುದಕ್ಕೆ ಇದೂ ಒಂದು ಕಾರಣ. ರಿಫ್ಲೆಕ್ಷನ್ ಬಳಸಿ ಒಳಗಿನ ಮ್ಯಾಪನ್ನೇ ಬದಲಾಯಿಸುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಆ ಖಾಸಗಿ ಫೀಲ್ಡಿನ ಹೆಸರು ಮುಂದಿನ ಆವೃತ್ತಿಯಲ್ಲಿ ಬದಲಾದರೆ ನಿಮ್ಮ ಕೋಡ್ ನಿಂತುಹೋಗುತ್ತದೆ, ಆದ್ದರಿಂದ ಅದು ಬೇಡ. ಈ ಲೈಬ್ರರಿಯನ್ನು ಬಿಡಲಾಗದಿದ್ದರೆ, ಕೀ ಮತ್ತು ಮೌಲ್ಯಗಳನ್ನು ಒಂದರ ನಂತರ ಒಂದರಂತೆ ನೇರವಾಗಿ ಬರೆಯುವ ಅದರದೇ ಜೇಸನ್ ರೈಟರ್ ಕ್ಲಾಸನ್ನು ಬಳಸಿ. ಅಲ್ಲಿ ನೀವು ಬರೆದದ್ದೇ ಕ್ರಮ. ಬಿಡಲು ಸಾಧ್ಯವಿದ್ದರೆ ಬಿಟ್ಟು ಜಾಕ್ಸನ್ ಅಥವಾ ಜಿಸನ್ ಹಿಡಿಯುವುದೇ ಲೇಸು.

ಹಂತ 6: ಬೇರೆ ಭಾಷೆಗಳಲ್ಲಿ ಎಚ್ಚರ ಬೇಕಾದ ಕಡೆಗಳು

ಪೈಥಾನ್‌ನಲ್ಲಿ ಡಿಕ್ಷನರಿ ಸೇರಿಸಿದ ಕ್ರಮವನ್ನು ಉಳಿಸುವುದು 2018ರ ಜೂನ್‌ನಲ್ಲಿ ಬಂದ 3.7ನೆಯ ಆವೃತ್ತಿಯಿಂದ ಭಾಷೆಯ ನಿಯಮವೇ ಆಗಿದೆ, ಮತ್ತು ಅದರ ಜೇಸನ್ ಮಾಡ್ಯೂಲು ತಾನಾಗಿ ವಿಂಗಡಿಸಲು ಹೋಗುವುದಿಲ್ಲ. ಆದರೂ ಫ್ಲಾಸ್ಕ್ ಎಂಬ ವೆಬ್ ಫ್ರೇಮ್‌ವರ್ಕ್ ಬಳಸುವವರಿಗೆ ಕೀಗಳು ಅಕಾರಾದಿಯಾಗಿ ಬಂದು ಆಶ್ಚರ್ಯವಾಗುತ್ತದೆ. ಆ ಫ್ರೇಮ್‌ವರ್ಕಿನ ಜಾಯಮಾನವೇ ವಿಂಗಡಿಸಿ ಕಳುಹಿಸುವುದು, ಅದನ್ನು ಸೆಟ್ಟಿಂಗಿನಲ್ಲಿ ನಿಲ್ಲಿಸಬೇಕು. ರೂಬಿಯ ಹ್ಯಾಶ್ 1.9ನೆಯ ಆವೃತ್ತಿಯಿಂದಲೂ, ಪಿಎಚ್‌ಪಿಯ ಅರೇ ಮೊದಲಿನಿಂದಲೂ ಕ್ರಮವನ್ನು ಉಳಿಸುತ್ತವೆ, ಅಲ್ಲಿ ಹೆಚ್ಚು ಹೇಳುವುದಕ್ಕೇನಿಲ್ಲ. ಕಾಟ್ಲಿನ್‌ನ ಮ್ಯಾಪ್‌ಆಫ್ ಕೂಡ ಕ್ರಮವನ್ನು ಉಳಿಸುತ್ತದೆ. ಜಾವಾದಲ್ಲಿ ಇದೇ ಬಗೆಯ ಹೆಸರಿನದು ಅದಕ್ಕೆ ತದ್ವಿರುದ್ಧವಾಗಿ ವರ್ತಿಸುವುದರಿಂದ, ಒಂದರಿಂದ ಇನ್ನೊಂದಕ್ಕೆ ಕೋಡ್ ಒಯ್ಯುವವರು ಗಮನಿಸಬೇಕು.

ಜಾವಾಸ್ಕ್ರಿಪ್ಟ್‌ನ ನಿಯಮ ವಿಚಿತ್ರವಾಗಿದೆ. ಆಬ್ಜೆಕ್ಟಿನ ಕೀಗಳು ಸಾಮಾನ್ಯವಾಗಿ ಸೇರಿಸಿದ ಕ್ರಮದಲ್ಲಿಯೇ ಬರುತ್ತವೆ, ಆದರೆ ಪೂರ್ಣಸಂಖ್ಯೆಯಂತೆ ಕಾಣುವ ಕೀಗಳೆಲ್ಲವೂ ಮೊದಲು, ಏರಿಕೆಯ ಕ್ರಮದಲ್ಲಿ ಬರುತ್ತವೆ. ನಮ್ಮ ಆರ್ಥಿಕ ವರ್ಷವನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ: ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಮಾರಾಟದ ಮೊತ್ತಗಳನ್ನು ತಿಂಗಳ ಸಂಖ್ಯೆಯನ್ನೇ ಕೀ ಮಾಡಿ 4, 5, 6 ಎಂದು 12ರವರೆಗೆ, ಆಮೇಲೆ 1, 2, 3 ಎಂದು ತುಂಬಿ ಕಳುಹಿಸಿದರೆ, ಸರ್ವರ್ ಆ ಕ್ರಮವನ್ನು ಎಷ್ಟೇ ನಿಷ್ಠೆಯಿಂದ ಉಳಿಸಿದರೂ, ಬ್ರೌಸರಿನಲ್ಲಿ ಅದನ್ನು ಬಿಡಿಸಿಕೊಂಡ ಕ್ಷಣವೇ 1, 2, 3 ಮುಂದೆ ಬಂದು ನಿಲ್ಲುತ್ತವೆ ಮತ್ತು ವರ್ಷ ಜನವರಿಯಿಂದ ಆರಂಭವಾಗುತ್ತದೆ. ಸೊನ್ನೆಯಿಂದ ಆರಂಭವಾಗುವ 04, 05 ಎಂಬಂಥ ಕೀಗಳನ್ನು ಅದು ಸಂಖ್ಯೆಯೆಂದು ಪರಿಗಣಿಸುವುದಿಲ್ಲ. ಆದರೆ 10, 11, 12ಕ್ಕೆ ಈ ಉಪಾಯ ನಡೆಯದು, ಅವು ಮುಂದೆ ಬಂದೇ ಬರುತ್ತವೆ. ತಿಂಗಳ ಹೆಸರಿನ ಒಂದೆರಡು ಅಕ್ಷರವನ್ನು ಸಂಖ್ಯೆಯ ಮುಂದೆ ಸೇರಿಸಿದರೆ ಮಾತ್ರ ಪೂರ್ತಿ ಪಾರಾಗಬಹುದು. ಜಾವಾಸ್ಕ್ರಿಪ್ಟ್‌ನದೇ ಮ್ಯಾಪ್ ಎಂಬ ರಚನೆ ಸಂಖ್ಯೆಗಳನ್ನೂ ಸೇರಿಸಿದ ಕ್ರಮದಲ್ಲಿಯೇ ಇಡುತ್ತದೆ, ಆದರೆ ಅದನ್ನು ನೇರವಾಗಿ ಜೇಸನ್‌ಗೆ ಪರಿವರ್ತಿಸಿದರೆ ಖಾಲಿ ಆವರಣವಷ್ಟೇ ಬರುತ್ತದೆ. ಫ್ರಮ್‌ಎಂಟ್ರೀಸ್ ಬಳಸಿ ಆಬ್ಜೆಕ್ಟ್ ಮಾಡಿದರೆ ಮತ್ತೆ ಹಳೆಯ ನಿಯಮಕ್ಕೇ ಬರುತ್ತೇವೆ. ಮ್ಯಾಪನ್ನು ಜೋಡಿಗಳ ಅರೇ ಮಾಡಿ ಪರಿವರ್ತಿಸಿದರೆ ಕ್ರಮ ಉಳಿಯುತ್ತದೆ.

ಗೋ ಭಾಷೆಯಲ್ಲಿ ಮ್ಯಾಪನ್ನು ಲೂಪಿನಲ್ಲಿ ಓದಿದರೆ ಕ್ರಮ ಪ್ರತಿ ಸಲವೂ ಬೇಕೆಂದೇ ಬದಲಾಗುತ್ತದೆ, ಅದರ ಜೇಸನ್ ಪ್ಯಾಕೇಜು ಮಾತ್ರ ಮ್ಯಾಪಿನ ಕೀಗಳನ್ನು ಸ್ಟ್ರಿಂಗುಗಳಾಗಿ ವಿಂಗಡಿಸಿ ಬರೆಯುತ್ತದೆ. ಮೇಲಿನ ತಿಂಗಳುಗಳು ಅಲ್ಲಿ 1, 10, 11, 12, 2, 3 ಎಂದು ಹೊರಬರುತ್ತವೆ. ನಿಮ್ಮದೇ ಕ್ರಮ ಬೇಕಾದರೆ ಸ್ಟ್ರಕ್ಟ್ ಬಳಸಿ, ಅದರ ಫೀಲ್ಡುಗಳು ಬರೆದ ಕ್ರಮದಲ್ಲಿಯೇ ಬರುತ್ತವೆ. ಕೀಗಳು ಮೊದಲೇ ಗೊತ್ತಿಲ್ಲದಿದ್ದರೆ ಜೋಡಿಗಳ ಸ್ಲೈಸಿಗೆ ನೀವೇ ಜೇಸನ್ ಬರೆಯುವ ಮೆಥಡ್ ಒದಗಿಸಬೇಕು. ರಸ್ಟ್‌ನ ಸರ್ಡೆ ಜೇಸನ್ ಕೂಡ ತನ್ನ ಮ್ಯಾಪನ್ನು ರೂಢಿಯಲ್ಲಿ ವಿಂಗಡಿಸಿಯೇ ಇಡುತ್ತದೆ. ಪ್ರಿಸರ್ವ್ ಆರ್ಡರ್ ಎಂಬ ಫೀಚರನ್ನು ಚಾಲೂ ಮಾಡಿದರೆ ಸೇರಿಸಿದ ಕ್ರಮ ಸಿಗುತ್ತದೆ.

ಸ್ಕಾಲಾ ಮತ್ತು ಕ್ಲೋಜರ್ ಬಳಸುವವರಿಗೆ ಒಂದು ವಿಶೇಷ ಮಾತು. ಸ್ಕಾಲಾದ ಬದಲಾಗದ ಮ್ಯಾಪ್ ನಾಲ್ಕು ಕೀಗಳವರೆಗೆ ಕ್ರಮವನ್ನು ಉಳಿಸುತ್ತದೆ, ಐದನೆಯದರಿಂದ ಹ್ಯಾಶ್ ಮ್ಯಾಪಾಗುತ್ತದೆ. ಕ್ಲೋಜರ್‌ನಲ್ಲಿ ಆ ಗಡಿ ಎಂಟು. ಮೂರು ಕೀಗಳ ಪುಟ್ಟ ಉದಾಹರಣೆಯಿಂದ ಪರೀಕ್ಷಿಸಿ ಎಲ್ಲವೂ ಸರಿಯಿದೆ ಎಂದುಕೊಂಡವರು ನಿಜವಾದ ಡೇಟಾ ಬಂದಾಗ ಎಡವುವುದು ಇಲ್ಲಿಯೇ.

ಹಂತ 7: ಕಳುಹಿಸಿದ ಮೇಲೆ ಏನಾಗುತ್ತದೆಂದು ನೋಡಿ

ಜೇಸನ್ ಪಠ್ಯ ಡೇಟಾಬೇಸಿನಲ್ಲಿ ಕೂತು ಹಿಂದಿರುಗುವುದಾದರೆ ಕಾಲಮ್ಮಿನ ಪ್ರಕಾರವನ್ನು ಗಮನಿಸಿ. ಪೋಸ್ಟ್‌ಗ್ರೆಸ್‌ನ ಜೇಸನ್ ಎಂಬ ಪ್ರಕಾರವು, ಕೊಟ್ಟ ಪಠ್ಯವನ್ನು ಇದ್ದ ಹಾಗೆಯೇ ಇಡುತ್ತದೆ. 2014ರಲ್ಲಿ 9.4ನೆಯ ಆವೃತ್ತಿಯೊಂದಿಗೆ ಬಂದ, ಇಂದು ಹೆಚ್ಚಾಗಿ ಬಳಸುವ ಜೇಸನ್‌ಬಿ ಪ್ರಕಾರ ಹಾಗಲ್ಲ: ಅದು ಚಿಕ್ಕ ಕೀಗಳನ್ನು ಮೊದಲು, ಒಂದೇ ಉದ್ದದವನ್ನು ಬೈಟುಗಳ ಕ್ರಮದಲ್ಲಿ ಜೋಡಿಸಿಕೊಳ್ಳುತ್ತದೆ. ನಮ್ಮ ಪಂಚಾಂಗ ಅಲ್ಲಿಗೆ ಹೋಗಿ ಬಂದರೆ, ಬರೆಯಲು ಅತಿ ಕಡಿಮೆ ಬೈಟು ಸಾಕಾಗುವ ಮಾಘ ಮೊದಲನೆಯದಾಗಿ, ಆಷಾಢ ಎರಡನೆಯದಾಗಿ, ಚೈತ್ರ ಮೂರನೆಯದಾಗಿ ಬರುತ್ತದೆ. ಮೈಎಸ್‌ಕ್ಯೂಎಲ್‌ನ ಜೇಸನ್ ಪ್ರಕಾರವೂ ಕೀಗಳನ್ನು ತನ್ನ ಅನುಕೂಲಕ್ಕೆ ಜೋಡಿಸಿಕೊಳ್ಳುತ್ತದೆ. ಇವು ದೋಷಗಳಲ್ಲ, ಹುಡುಕಾಟ ವೇಗವಾಗಲಿ ಎಂದು ಮಾನದಂಡ ಕೊಟ್ಟ ಸ್ವಾತಂತ್ರ್ಯವನ್ನು ಬಳಸಿಕೊಂಡಿರುವುದಷ್ಟೇ.

ಸಹಿಯ ವಿಷಯದಲ್ಲಿ ಎರಡು ದಾರಿಗಳಿವೆ. ಸರಳವಾದದ್ದು, ಬಂದ ಬೈಟುಗಳನ್ನು ಬಿಡಿಸುವ ಮೊದಲೇ ಅವುಗಳ ಮೇಲೆಯೇ ಸಹಿಯನ್ನು ತಾಳೆನೋಡುವುದು. ಬಿಡಿಸಿ ಮತ್ತೆ ಬರೆದು ತಾಳೆನೋಡಲು ಹೋದಾಗಲೇ ಕ್ರಮದ ಪ್ರಶ್ನೆ ಏಳುವುದು. ಮತ್ತೆ ಬರೆಯಲೇಬೇಕಾದ ಅನಿವಾರ್ಯವಿದ್ದರೆ 2020ರ ಜೂನ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿ 8785 ವಿವರಿಸುವ ವಿಧಾನವನ್ನು ಅನುಸರಿಸಿ. ಅದು ಕೀಗಳನ್ನು ಅವುಗಳ ಯುಟಿಎಫ್-16 ಸಂಕೇತಗಳ ಪ್ರಕಾರ ವಿಂಗಡಿಸಿ, ಖಾಲಿ ಜಾಗಗಳನ್ನು ತೆಗೆದು, ಸಂಖ್ಯೆಗಳನ್ನು ಬರೆಯುವ ರೀತಿಯನ್ನೂ ನಿಗದಿಪಡಿಸುತ್ತದೆ. ಲಿಂಕ್ಡ್‌ಹ್ಯಾಶ್‌ಮ್ಯಾಪ್ ಒಂದನ್ನೇ ನಂಬಿ ಸಹಿಯ ವ್ಯವಸ್ಥೆ ಕಟ್ಟಬೇಡಿ, ಏಕೆಂದರೆ ಎದುರಿನವರ ಭಾಷೆಯಲ್ಲಿ ಅದಿಲ್ಲದಿರಬಹುದು.

ಹಂತ 8: ಕ್ರಮಕ್ಕೇ ಅರ್ಥವಿದ್ದರೆ ಅರೇ ಬಳಸಿ

ಮಾಸಗಳ ಕ್ರಮ ತಪ್ಪಿದರೆ ಪಂಚಾಂಗವೇ ತಪ್ಪಾಗುತ್ತದೆ ಎಂದಾದಾಗ, ಆ ಕ್ರಮ ಡೇಟಾದ ಭಾಗವೇ ಆಯಿತು. ಅದನ್ನು ಕೀಗಳ ಸಾಲಿನಲ್ಲಿ ಮರೆಮಾಡಿ ಇಡುವ ಬದಲು ಅರೇಯಲ್ಲಿ ಎದುರಿಗೇ ಹೇಳಬೇಕು. ಮ್ಯಾಪಿನ ಪ್ರತಿ ಜೋಡಿಯನ್ನೂ ‘ಹೆಸರು’ ಮತ್ತು ‘ಹಬ್ಬಗಳು’ ಎಂಬ ಎರಡು ಕೀಗಳುಳ್ಳ ಪುಟ್ಟ ಆಬ್ಜೆಕ್ಟಾಗಿ ಮಾಡಿ, ಆ ಆಬ್ಜೆಕ್ಟುಗಳನ್ನು ಬೇಕಾದ ಕ್ರಮದಲ್ಲಿ ಒಂದು ಅರೇಗೆ ಹಾಕಿ. ಅಧಿಕ ಜ್ಯೇಷ್ಠವನ್ನು ಪಟ್ಟಿಯ ಮೂರನೆಯ ಸ್ಥಾನಕ್ಕೆ ನೇರವಾಗಿ ತೂರಿಸಬಹುದು. ಜಾವಾಸ್ಕ್ರಿಪ್ಟ್, ಗೋ, ಪೋಸ್ಟ್‌ಗ್ರೆಸ್ ಯಾವುದೂ ಅರೇಯ ಸಾಲನ್ನು ಕದಲಿಸುವುದಿಲ್ಲ. ಪಠ್ಯ ಸ್ವಲ್ಪ ಉದ್ದವಾಗುತ್ತದೆ, ಪಡೆಯುವವರು ಹೆಸರಿನಿಂದ ಹುಡುಕಬೇಕಾದರೆ ತಾವೇ ಒಂದು ಮ್ಯಾಪ್ ಕಟ್ಟಿಕೊಳ್ಳಬೇಕಾಗುತ್ತದೆ. ಈಗಾಗಲೇ ಬಳಕೆಯಲ್ಲಿರುವ ಸೇವೆಯ ರೂಪವನ್ನು ಹೀಗೆ ದಿಢೀರನೆ ಬದಲಾಯಿಸಲಾಗದಿದ್ದರೆ, ಇರುವ ಆಬ್ಜೆಕ್ಟನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ‘ಕ್ರಮ’ ಎಂಬ ಹೊಸ ಕೀ ಸೇರಿಸಿ, ಕೀಗಳ ಹೆಸರುಗಳನ್ನಷ್ಟೇ ಸಾಲಾಗಿ ಹೇಳುವ ಅರೇಯೊಂದನ್ನು ಅದರಲ್ಲಿ ಕೊಡಿ. ಹಳೆಯ ಬಳಕೆದಾರರಿಗೆ ತೊಂದರೆಯಾಗುವುದಿಲ್ಲ.

ಹಂತ 9: ಕ್ರಮವನ್ನೇ ಪರೀಕ್ಷಿಸುವ ಟೆಸ್ಟ್ ಬರೆಯಿರಿ

ಸಾಮಾನ್ಯ ಟೆಸ್ಟುಗಳು ಕ್ರಮದ ದೋಷವನ್ನು ಹಿಡಿಯುವುದಿಲ್ಲ. ಜಾವಾದಲ್ಲಿ ಎರಡು ಮ್ಯಾಪುಗಳ ಸಮಾನತೆಯನ್ನು ನೋಡುವಾಗ ಕ್ರಮವನ್ನು ಪರಿಗಣಿಸುವುದೇ ಇಲ್ಲ, ಜಾಕ್ಸನ್‌ನ ಜೇಸನ್ ಮರಗಳ ಹೋಲಿಕೆಯೂ ಹಾಗೆಯೇ. ಪೈಥಾನ್‌ನ ಡಿಕ್ಷನರಿಗಳೂ ಅಷ್ಟೇ. ಆದ್ದರಿಂದ ಹೊರಬಂದ ಪಠ್ಯವನ್ನು ಕ್ರಮ ಉಳಿಸುವ ರೀತಿಯಲ್ಲಿ ಓದಿ, ಅದರ ಕೀಗಳನ್ನು ಒಂದು ಪಟ್ಟಿಗೆ ತೆಗೆದು, ನಿರೀಕ್ಷಿತ ಪಟ್ಟಿಯೊಂದಿಗೆ ಹೋಲಿಸಿ. ಪರೀಕ್ಷೆಯ ಕೀಗಳು ಹದಿಮೂರಕ್ಕಿಂತ ಕಡಿಮೆ ಇರದಿರಲಿ ಮತ್ತು ಅವು ಅಕಾರಾದಿಯಾಗಿ ಬಾರದಂತೆ ಆಯ್ದುಕೊಳ್ಳಿ. ಇಲ್ಲದಿದ್ದರೆ ಹ್ಯಾಶ್‌ಮ್ಯಾಪೋ ಟ್ರೀಮ್ಯಾಪೋ ಒಳಗಿದ್ದರೂ ಟೆಸ್ಟ್ ಆಕಸ್ಮಿಕವಾಗಿ ತೇರ್ಗಡೆಯಾಗಬಹುದು. ಈ ಕೆಲಸಕ್ಕೆ ಅಧಿಕ ಮಾಸವನ್ನೂ ಸೇರಿಸಿಕೊಂಡ ಮಾಸಗಳ ಪಟ್ಟಿ ಹೇಳಿ ಮಾಡಿಸಿದಂತಿದೆ. ಮ್ಯಾಪ್ ಡಾಟ್ ಆಫ್ ಎಲ್ಲಿಯಾದರೂ ನುಸುಳಿದೆಯೇ ಎಂಬ ಸಂಶಯವಿದ್ದರೆ ಟೆಸ್ಟನ್ನು ಒಂದೇ ಪ್ರೋಗ್ರಾಂ ಓಟದಲ್ಲಿ ನೂರು ಬಾರಿ ನಡೆಸುವುದರಿಂದ ಪ್ರಯೋಜನವಿಲ್ಲ. ಆ ಯಾದೃಚ್ಛಿಕ ಸಂಖ್ಯೆ ಪ್ರೋಗ್ರಾಂ ಆರಂಭವಾಗುವಾಗ ಮಾತ್ರ ಬದಲಾಗುವುದರಿಂದ, ಜಾವಾವನ್ನು ಪ್ರತಿ ಸಲವೂ ಹೊಸದಾಗಿ ಆರಂಭಿಸಿ ನಾಲ್ಕಾರು ಬಾರಿ ನಡೆಸಿ ನೋಡಬೇಕು.